ಮೊದಲು ಏಟು, ಆಮೇಲೆ ವಿಚಾರಣೆ

ಕಳೆದ ಸೋಮವಾರ ಅಜ್ಜಂಪುರದಲ್ಲಿ ನಮ್ಮ ಡ್ರಿಲ್ ಮೇಷ್ಟ್ರನ್ನು ಮಣ್ಣು ಮಾಡಿ ಬಂದೆವು. ನಮ್ಮ ಜನರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಸ್ನಾನ ಮಾಡಿಸಿ, ವಿಭೂತಿ ಬಳಿದು, ಬದುಕಿದ್ದಷ್ಟು ಕಾಲ ಕೊರಳಲ್ಲಿ ಕಟ್ಟಿಕೊಂಡಿದ್ದ ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಕೂತ ಭಂಗಿಯಲ್ಲೇ ಗುಂಡಿಗೆ ಇಳಿಸುತ್ತೇವೆ. ಮೇಷ್ಟ್ರು ಗೋಡೆಗೆ ಒರಗಿ ಕೂತಿದ್ದ ಠೀವಿ ಎಂಥದಿತ್ತೆಂದರೆ, ಶಾಮಿಯಾನದ ಮೂಲೆಯಲ್ಲಿ ಬೀಡಿ ಹಚ್ಚಲು ಹೋದ ಐವತ್ತು ದಾಟಿದ ಹಳೆಯ ವಿದ್ಯಾರ್ಥಿಯೊಬ್ಬ ಆ ಮುಖ ನೋಡಿ, ಕಡ್ಡಿ ಆರಿಸಿ, ಬೀಡಿಯನ್ನು ಜೇಬಿಗೆ ಹಾಕಿಕೊಂಡ.

ಹೆಣದ ಮುಂದೆ ಕೂತು ಹಳೆಯ ಹುಡುಗರೆಲ್ಲ ತಮ್ಮ ತಮ್ಮ ಗಾಯ ತೋರಿಸಿಕೊಳ್ಳುತ್ತಿದ್ದರು. ಒಬ್ಬ ಸೊಟ್ಟಗಾದ ಕಿರುಬೆರಳು ತೋರಿಸಿದ. ಇನ್ನೊಬ್ಬ ಹುಬ್ಬಿನ ಮೇಲೆ ಕೂದಲು ಹುಟ್ಟದ ಜಾಗ ತೋರಿಸಿದ. "ಆ ಏಟು ಬಿದ್ದಿದ್ದಕ್ಕೇ ಕಣ್ರೀ ನಾವು ಮನುಷ್ಯರಾಗಿದ್ದು" ಎಂದು ಮತ್ತೊಬ್ಬ ಕಣ್ಣೊರೆಸಿಕೊಂಡ. ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಏಟು ತಿನ್ನದವರೂ ಮನುಷ್ಯರಾಗಿದ್ದಾರೆ, ಹೋಗಿ ಕಣ್ಣಾರೆ ನೋಡಿ ಬಂದಿದ್ದೇನೆ. ತೋರಿಸಲು ನನ್ನ ಹತ್ತಿರವೂ ಒಂದು ಗಾಯವಿತ್ತು. ಆದರೆ ಅದು ಹೊರಗಿನಿಂದ ಕಾಣುವಂಥದ್ದಲ್ಲ. ಎಡಗಿವಿಯ ಒಳಗಿದೆ.

ನಾವು ಹೈಸ್ಕೂಲಿನಲ್ಲಿದ್ದಾಗ ಮೇಷ್ಟ್ರಿಗೆ ಮೂವತ್ತು ಇದ್ದಿರಬಹುದು. ಬಿಳಿ ಕ್ಯಾನ್ವಾಸ್ ಶೂ, ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ಕತ್ತಿನಲ್ಲಿ ಎರಡು ದಾರ. ಅಂಗಿಯ ಹೊರಗೆ ಸೀಟಿಯ ದಾರ, ಒಳಗೆ ಶಿವದಾರ. ಅದರ ತುದಿಗೆ ಬೆಳ್ಳಿಯ ಕರಡಿಗೆ, ಕರಡಿಗೆಯೊಳಗೆ ಲಿಂಗ. ಪೂಜೆ ಮಾಡದೆ ಒಂದು ಗುಟುಕು ಕಾಫಿ ಕುಡಿದವರಲ್ಲ. ಬೆಳಗ್ಗೆ ಎಡಗೈಯಲ್ಲಿ ಲಿಂಗ ಹಿಡಿದು ಕಣ್ಣು ಮುಚ್ಚಿ ಕೂರುತ್ತಿದ್ದ ಮನುಷ್ಯ ಹತ್ತು ಗಂಟೆಗೆ ಬಲಗೈ ಎತ್ತುತ್ತಿದ್ದರು. ಆ ಅಂಗೈ ಮಣೆಯಷ್ಟು ಅಗಲವಿತ್ತು. ಬೆತ್ತ ಮುಟ್ಟುತ್ತಿರಲಿಲ್ಲ. ಬೆತ್ತ ಹಿಡಿಯುವವರು ಹೆದರುಪುಕ್ಕಲರು ಎಂದು ಅವರ ಅಭಿಪ್ರಾಯ.

"ನಂದು ಒಂದೇ ರೂಲು. ಮೊದ್ಲು ಏಟು, ಆಮೇಲೆ ವಿಚಾರಣೆ." ಇದನ್ನು ಅವರು ಮುಚ್ಚಿಟ್ಟವರೇ ಅಲ್ಲ, ಪೋಷಕರ ಸಭೆಯಲ್ಲಿ ಮೈಕು ಹಿಡಿದು ಹೇಳುತ್ತಿದ್ದರು. ಅಪ್ಪಂದಿರು ಚಪ್ಪಾಳೆ ತಟ್ಟುತ್ತಿದ್ದರು. ನಮ್ಮಪ್ಪ ನನ್ನನ್ನು ಸೇರಿಸಲು ಕರೆದುಕೊಂಡು ಹೋದಾಗ, "ಕಣ್ಣೆರಡು ಬಿಟ್ಟು ಇನ್ನೆಲ್ಲಾದ್ರೂ ಹೊಡೀರಿ ಸಾರ್" ಎಂದು ಕೈ ಮುಗಿದು ಬಂದಿದ್ದ. ಕಿವಿ ಅವನಿಗೆ ನೆನಪಾಗಲಿಲ್ಲ.

ಅವರ ಬಗ್ಗೆ ಒಳ್ಳೆಯದನ್ನೂ ಹೇಳಬೇಕು, ಅದಕ್ಕೂ ರಕ್ತ ಅಂಟಿಕೊಂಡಿದೆ. ಒಂದು ದಿನ ಆಟದ ಮೈದಾನಕ್ಕೆ ಹುಚ್ಚುನಾಯಿ ನುಗ್ಗಿತು. ಜೊಲ್ಲು ಸುರಿಸಿಕೊಂಡು ಓಲಾಡುತ್ತಾ ಪಕ್ಕದ ಪ್ರೈಮರಿ ಶಾಲೆಯ ಐದನೇ ಕ್ಲಾಸಿನ ಹೆಣ್ಣುಮಕ್ಕಳು ಕುಂಟಾಬಿಲ್ಲೆ ಆಡುತ್ತಿದ್ದ ಕಡೆಗೇ ಹೊರಟಿತ್ತು. ನಾವೆಲ್ಲ ಓಡಿ ಗೋಡೆ ಹತ್ತಿದೆವು. ಮೇಷ್ಟ್ರು ಓಡಲಿಲ್ಲ. ಶಾಟ್‌ಪುಟ್ ಗುಂಡನ್ನು ಎರಡು ಕೈಯಲ್ಲಿ ಎತ್ತಿ ಅದರ ಎದುರಿಗೆ ಹೋಗಿ ನಿಂತರು. ಅದು ಹಾರಿತು. ಗುಂಡು ತಲೆಯ ಮೇಲೆ ಬಿತ್ತು. ನಾಯಿ ಒದ್ದಾಡುತ್ತಿದ್ದಾಗ ಇನ್ನೊಂದು ಸಲ ಎತ್ತಿ ಹಾಕಿದರು, ಮತ್ತೊಂದು ಸಲ ಹಾಕಿದರು. ಅದು ಸತ್ತ ಮೇಲೂ ಎರಡು ಸಲ ಹಾಕಿದರು. ಆಮೇಲೆ ನಲ್ಲಿಯಲ್ಲಿ ಕೈ ತೊಳೆದು, ಹೆದರಿ ಅಳುತ್ತಾ ನಿಂತಿದ್ದ ಒಬ್ಬ ಹುಡುಗಿಯ ಕೆನ್ನೆಗೆ ಬಿಗಿದು, "ಅಳ್ತಾ ನಿಂತ್ಕೊಂಡ್ರೆ ನಾಯಿ ಬಿಡ್ತದೇನೇ? ಓಡೋದು ಕಲಿ!" ಎಂದರು. ಆ ಹುಡುಗಿ ಬದುಕಿದ್ದು ಅವರಿಂದ. ತುಟಿ ಒಡೆದುಕೊಂಡಿದ್ದೂ ಅವರಿಂದಲೇ.

ನನ್ನ ಸರದಿ ಬಂದದ್ದು ಒಂಬತ್ತನೇ ಕ್ಲಾಸಿನಲ್ಲಿ. ಸ್ವಾತಂತ್ರ್ಯ ದಿನದ ಕವಾಯತು ಅಭ್ಯಾಸ ನಡೆಯುತ್ತಿತ್ತು. ಮೇಷ್ಟ್ರು ಧ್ವಜಸ್ತಂಭದ ಕಡೆ ಮುಖ ಮಾಡಿ ಸೆಲ್ಯೂಟ್ ಹಿಡಿದು ನಿಂತಿದ್ದಾಗ ನಮ್ಮ ಸಾಲಿನಿಂದ ಯಾರೋ ಶಿಳ್ಳೆ ಹಾಕಿದರು. ಅದು ನಾನಲ್ಲ. ನನಗೆ ಶಿಳ್ಳೆ ಹಾಕಲು ಇವತ್ತಿಗೂ ಬರುವುದಿಲ್ಲ. ಮೇಷ್ಟ್ರು ಸೆಲ್ಯೂಟ್ ಇಳಿಸಿ, ತಿರುಗಿ, ನೇರ ನನ್ನ ಹತ್ತಿರ ಬಂದರು. "ಸಾರ್" ಎಂದೆ. ಅಷ್ಟೇ ಬಾಯಿಗೆ ಬಂದದ್ದು. ಕೈ ಎಡಗಿವಿಯ ಮೇಲೆ ಬಿತ್ತು. ತಲೆಯೊಳಗೆ ಏನೋ ಒಡೆಯಿತು. ಕೆಳಗೆ ಬಿದ್ದು ಎದ್ದಾಗ ಬಿಳಿ ಅಂಗಿಯ ಭುಜದ ಮೇಲೆ ರಕ್ತದ ಹನಿಗಳಿದ್ದವು, ಸಾಲಿನ ಹುಡುಗರ ಬಾಯಿ ಅಲ್ಲಾಡುತ್ತಿತ್ತು, ಒಂದು ಕಡೆಯಿಂದ ಮಾತ್ರ ಸದ್ದು ಬರುತ್ತಿತ್ತು. ಅಷ್ಟರಲ್ಲಿ ಬೆಲ್ಲು ಹೊಡೆಯಿತು. ಮೇಷ್ಟ್ರು "ಡಿಸ್‌ಪರ್ಸ್" ಎಂದು ಹೊರಟುಹೋದರು. ನನ್ನ ವಿಷಯದಲ್ಲಿ ಅವರ ರೂಲು ಅರ್ಧಕ್ಕೇ ನಿಂತಿತು. ಏಟಾಯಿತು, ವಿಚಾರಣೆ ಆಗಲೇ ಇಲ್ಲ.

ಮನೆಯಲ್ಲಿ ಹೇಳಿದ್ದರೆ ಇನ್ನೊಂದು ಬೀಳುತ್ತಿತ್ತು. ಕೆರೆಯಲ್ಲಿ ಈಜುವಾಗ ನೀರು ಹೋಯಿತು ಎಂದೆ. ಅವ್ವ ಬೆಚ್ಚಗಿನ ಎಣ್ಣೆ ಬಿಟ್ಟಳು. ಒಡೆದ ತಮಟೆಗೆ ಎಣ್ಣೆ ಬಿಟ್ಟು ಏನು ಪ್ರಯೋಜನ? ಆ ಕಿವಿ ಮತ್ತೆ ಕೇಳಿಸಲಿಲ್ಲ. ಹೆಣ್ಣು ನೋಡಲು ಹೋದಾಗ ನಮ್ಮ ಮಾವನವರನ್ನು ಉಪಾಯವಾಗಿ ಬಲಗಡೆ ಕೂರಿಸಿಕೊಂಡೆ. ತರೀಕೆರೆಯಲ್ಲಿ ಸಿಮೆಂಟು, ಪೈಪು, ಬಣ್ಣದ ಅಂಗಡಿ ಇಟ್ಟಾಗ ಗಿರಾಕಿಗಳು ಬಲಗಡೆಯಿಂದಲೇ ಬರುವಂತೆ ಕೌಂಟರ್ ಹಾಕಿಸಿದೆ. ಮೇಷ್ಟ್ರಿಗೆ ಇದ್ಯಾವುದೂ ಗೊತ್ತಿರಲಿಲ್ಲ. ನಾನು ಹೇಳಲಿಲ್ಲ, ಅವರು ಕೇಳಲಿಲ್ಲ, ಹೀಗೇ ಮೂವತ್ತೈದು ವರ್ಷ ಕಳೆಯಿತು.

ನಾಲ್ಕು ವರ್ಷದ ಕೆಳಗೆ, ಮೇ ತಿಂಗಳ ಕೊನೆಯಲ್ಲಿ, ಸಿಮೆಂಟ್ ಕಂಪನಿಯವರು ಟಾರ್ಗೆಟ್ ಮುಟ್ಟಿದ ಡೀಲರುಗಳನ್ನು ವಿಯೆನ್ನಾಕ್ಕೆ ಕರೆದುಕೊಂಡು ಹೋದರು. ಆಸ್ಟ್ರಿಯಾ ದೇಶದ ರಾಜಧಾನಿ. ನಮ್ಮ ಕಡೆಯಿಂದ ಮೂವರು: ತರೀಕೆರೆಯಿಂದ ನಾನು, ಕಡೂರಿನಿಂದ ನಂಜಪ್ಪ, ಅಜ್ಜಂಪುರದಿಂದ ಒಬ್ಬ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನೋಡುತ್ತೇನೆ, ಬಿಳಿ ಪ್ಯಾಂಟು, ಬಿಳಿ ಕ್ಯಾನ್ವಾಸ್ ಶೂ! ಅಜ್ಜಂಪುರದ ಡೀಲರು ಮೇಷ್ಟ್ರ ಮಗ. ಅವನಿಗೆ ಬರಲಾಗದೆ ಅಪ್ಪನನ್ನು ಕಳಿಸಿದ್ದ. ಹಿಂದಿನ ವರ್ಷವಷ್ಟೇ ಹೆಂಡತಿ ತೀರಿಕೊಂಡಿದ್ದರಿಂದ ಮುದುಕ ಮನೆಯಲ್ಲಿ ಎಲ್ಲರ ಮೇಲೂ ಎಗರಾಡುತ್ತಿದ್ದರಂತೆ. ಕಂಪನಿಯವರು ಊರಿನ ಲೆಕ್ಕದಲ್ಲಿ ರೂಮು ಹಂಚಿ ನನ್ನನ್ನು ಅವರ ಜೊತೆಗೇ ಹಾಕಿದರು. ರೂಮಿನಲ್ಲಿ ನನ್ನ ಎಡಗಡೆಯ ಮಂಚ ಅವರದಾಯಿತು.

"ಲೇ, ಎಷ್ಟು ಸಲ ಕೂಗೋದೋ? ಕಿವುಡ್ನೇನೋ ನೀನು?" ಎಂದು ಮೊದಲ ದಿನವೇ ಗದರಿದರು. ನಾನು ಹಲ್ಲು ಕಚ್ಚಿಕೊಂಡು ಬಲಗಿವಿಯನ್ನು ಅವರ ಕಡೆ ತಿರುಗಿಸಿದೆ.

ಊರಿನ ಮಾತು ಹೇಳುವುದಾದರೆ, ಚೆನ್ನಾಗಿತ್ತು. ಕಡೂರಿನಲ್ಲಿ ಟಾರು ಕರಗುವ ಬಿಸಿಲು ಬಿಟ್ಟು ಹೋಗಿದ್ದ ನಮಗೆ ಅಲ್ಲಿ ಕೆಮ್ಮಣ್ಣುಗುಂಡಿಯ ಬೆಳಗಿನ ಹವೆ. ರಸ್ತೆಯ ಎರಡೂ ಕಡೆ ಹೊಸ ಚಿಗುರಿನ ಮರ, ಪಾರ್ಕಿನ ತುಂಬ ಗುಲಾಬಿ, ಕುದುರೆ ಸಾರೋಟು, ಕೆಂಪು ಟ್ರಾಮು. ನಂಜಪ್ಪ ಎಲ್ಲದಕ್ಕೂ ಬೆನ್ನು ಹಾಕಿ ನಿಂತು ಫೋಟೋ ಹೊಡೆಸಿಕೊಳ್ಳುತ್ತಿದ್ದ. ಮೇಷ್ಟ್ರು ಬೆಳಗಾಗೆದ್ದು ಹೋಟೆಲಿನ ಮುಂದಿನ ಪೊದೆಯಿಂದ ಗುಲಾಬಿ ಕಿತ್ತು ಪೂಜೆಗೆ ತರುತ್ತಿದ್ದರು. ಬೇಡ ಸಾರ್ ಎಂದರೆ, "ದೇವ್ರಿಗೆ ಕಿತ್ಕೊಂಡ್ರೆ ಯಾವನು ಕೇಳ್ತಾನೆ?" ಎನ್ನುತ್ತಿದ್ದರು.

ಆದರೆ ಅವರ ಮನಸ್ಸು ಸೆಳೆದದ್ದು ಅರಮನೆಯಲ್ಲ, ಹೂವಲ್ಲ. ಒಂದು ಬೆಳಗ್ಗೆ ರಸ್ತೆ ದಾಟಲು ನಿಂತಿದ್ದೆವು. ಕೆಂಪು ದೀಪ. ರಸ್ತೆಯಲ್ಲಿ ಒಂದು ಸೈಕಲ್ ಕೂಡ ಇಲ್ಲ. ಆದರೂ ಹತ್ತಿಪ್ಪತ್ತು ಜನ ಅಲ್ಲಾಡದೆ ನಿಂತಿದ್ದರು. ಒಬ್ಬಳು ಮುದುಕಿ, ಕಂಕುಳಲ್ಲಿ ಮಗು ಇದ್ದ ತಾಯಿ, ಕೂದಲು ಹಸಿರು ಮಾಡಿಕೊಂಡ ಒಬ್ಬ ಪೋಕರಿ. ಮೇಷ್ಟ್ರು ಆ ಪೋಕರಿಯನ್ನೇ ಮೇಲಿಂದ ಕೆಳಗೆ ನೋಡಿ ನನ್ನ ಕಡೆ ತಿರುಗಿದರು.

"ಇವ್ರಿಗೆಲ್ಲ ಯಾರೋ ಹೊಡ್ದಿದ್ದು?"

"ಯಾರೂ ಹೊಡ್ದಂಗಿಲ್ಲ ಸಾರ್."

"ಹೊಡೀದೆ ಹಿಂಗೆ ನಿಲ್ಲಲ್ಲ ಕಣೋ ಮನುಷ್ಯ. ಚಿಕ್ಕೋರಿದ್ದಾಗ ಯಾರೋ ಸರಿಯಾಗಿ ಕೊಟ್ಟವ್ರೆ." ದೀಪ ಹಸಿರಾಗಿ ಎಲ್ಲರೂ ದಾಟಿದ ಮೇಲೂ ಅವರು ಹಿಂತಿರುಗಿ ನೋಡುತ್ತಿದ್ದರು.

ಅದೇ ದಿನ ಪೂಜೆಯ ಹೊತ್ತಿಗೆ ಅವರ ಶಿವದಾರ ನನ್ನ ಕಣ್ಣಿಗೆ ಬಿದ್ದಿತ್ತು. ಬೆವರು ಕುಡಿದು ಕರ್ರಗಾಗಿ, ಕರಡಿಗೆಯ ಬಳೆಯ ಹತ್ತಿರ ಸವೆದು ಒಂದೆರಡು ಎಳೆ ಮಾತ್ರ ಉಳಿದಿತ್ತು. "ದಾರ ಸವೆದೈತೆ ಸಾರ್. ನನ್ನ ಹತ್ರ ಹೊಸದೈತೆ, ಕೊಡ್ಲಾ?" ಎಂದೆ. ನಾನೂ ಲಿಂಗ ಕಟ್ಟಿದವನೇ. ಪರದೇಶಕ್ಕೆ ಹೋಗುವಾಗ ಬೇಕಾಗುತ್ತದೆಂದು ಹೆಂಡತಿ ಇಟ್ಟಿದ್ದಳು.

"ಇದು ಅವಳು ಹೊಸೆದಿದ್ದು. ನೀನು ನಿನ್ ಕೆಲ್ಸ ನೋಡ್ಕೊ" ಎಂದರು. ತೀರಿಹೋದ ಹೆಂಡತಿಯ ಬಗ್ಗೆ ಅವರ ಬಾಯಿಂದ ನಾನು ಕೇಳಿದ್ದು ಅದೊಂದೇ ಮಾತು.

ಅವತ್ತು ಮಧ್ಯಾಹ್ನ ಬಿಸಿಲು ಏರಿತ್ತು. ಒಂದು ದೊಡ್ಡ ಪಾರ್ಕಿನಲ್ಲಿ ಕಬ್ಬಿಣದ ಕಂಬದಂಥ ನಲ್ಲಿಯಿತ್ತು, ಕೆಳಗೆ ಕಲ್ಲಿನ ಬಾನಿ. ಬೆಟ್ಟದಿಂದ ಬರುವ ನೀರು, ಯಾರು ಬೇಕಾದರೂ ಕುಡಿಯಬಹುದು ಎಂದು ನಮ್ಮ ಟೂರಿನ ಹುಡುಗಿ ಹೇಳಿದ್ದಳು. ಮೇಷ್ಟ್ರು ಕತ್ತಿನ ಗುಂಡಿ ಬಿಚ್ಚಿ, ಸೊಂಟ ಬಗ್ಗಿಸಿ ನಲ್ಲಿಗೆ ಬಾಯಿ ಕೊಟ್ಟರು. ನಾನು ಎದುರಿಗಿದ್ದೆ. ಅವರ ಪಕ್ಕದಲ್ಲಿ ಖಾಲಿ ಬಾಟಲಿ ಹಿಡಿದ ಒಬ್ಬ ಮನುಷ್ಯ ಸರದಿಗೆ ಕಾಯುತ್ತಿದ್ದ. ಐವತ್ತರ ಆಸುಪಾಸು, ಬೋಳುತಲೆ, ಮೊಣಕೈವರೆಗೆ ಹಿಟ್ಟು ಮೆತ್ತಿದ ಅಂಗಿ. ಕರಡಿಗೆ ಅಂಗಿಯಿಂದ ಹೊರಗೆ ಜಾರಿ ಮೇಷ್ಟ್ರ ಗಲ್ಲದ ಕೆಳಗೆ ತೂಗಾಡಿತು. ದಾರ ಬಿಟ್ಟುಕೊಂಡಿದ್ದನ್ನು ನಾನು ನೋಡಿದೆ.

ನಮ್ಮವರಿಗೆ ಲಿಂಗ ನೆಲಕ್ಕೆ ಬೀಳುವುದೆಂದರೆ ಪ್ರಾಣ ಹೋದಂತೆ. ಹಿಂದಿನವರು ನಿಜವಾಗಿಯೂ ಪ್ರಾಣ ಬಿಡುತ್ತಿದ್ದರು ಎನ್ನುತ್ತಾರೆ. ನನ್ನ ಕೈ ಮುಂದೆ ಹೋಗುವಷ್ಟರಲ್ಲಿ ಆ ಮನುಷ್ಯ ಬಾಟಲಿ ಬಿಸಾಡಿ, ಬಗ್ಗಿ, ಮೊಣಕಾಲಿನ ಎತ್ತರದಲ್ಲಿ ಕರಡಿಗೆಯನ್ನು ಹಿಡಿದುಬಿಟ್ಟ. ಹಿಡಿದವನು ನಕ್ಕ. ತಗೊಳ್ಳಿ ಎನ್ನುವಂತೆ ಕೈ ಚಾಚಿದ.

ಮೇಷ್ಟ್ರು ಎದೆ ಮುಟ್ಟಿಕೊಂಡರು, ಬರಿದಾಗಿತ್ತು. ತಲೆ ಎತ್ತಿದರು. ಪರಕೀಯನ ಮುಷ್ಟಿಯಲ್ಲಿ ತಮ್ಮ ಲಿಂಗ, ಬೆರಳ ಸಂದಿಯಿಂದ ನೇತಾಡುತ್ತಿರುವ ದಾರ.

ಮೊದಲ ಏಟು ಆ ನಗುವಿನ ಮೇಲೇ ಬಿತ್ತು. ಮೂಗಿನ ಮೂಳೆ ಮುರಿದ ಸದ್ದು ನನ್ನ ಒಂಟಿ ಕಿವಿಗೂ ಸ್ಪಷ್ಟವಾಗಿ ಕೇಳಿಸಿತು. ಎರಡನೆಯದಕ್ಕೆ ಅವನು ಹಿಂದಕ್ಕೆ ಬಿದ್ದು ತಲೆ ಕಲ್ಲಿನ ಬಾನಿಗೆ ಬಡಿಯಿತು. ಮೇಷ್ಟ್ರು ಅವನ ಎದೆಯ ಮೇಲೆ ಮಂಡಿಯೂರಿ ಕೂತರು. ಬಲಗೈ ಏರುತ್ತಿತ್ತು, ಇಳಿಯುತ್ತಿತ್ತು. ಅರವತ್ತೈದರ ಕೈಯಲ್ಲ ಅದು, ನಾಯಿಯ ಮೇಲೆ ಗುಂಡು ಎತ್ತಿ ಹಾಕಿದ್ದ ಕೈ. ಹಲ್ಲೊಂದು ಹಾರಿ ನನ್ನ ಬೂಟಿನ ಮೇಲೆ ಬಿತ್ತು. ಹಿಟ್ಟಿನ ಅಂಗಿ ಕೆಂಪಗಾಯಿತು. ಬಿಡಿಸಲು ಬಂದ ಒಬ್ಬನನ್ನು ಮೊಣಕೈಯಿಂದ ತಿವಿದು ಬೀಳಿಸಿದರು. "ಕಳ್ ನನ್ಮಗ್ನೇ, ಲಿಂಗಕ್ಕೆ ಕೈ ಹಾಕ್ತೀಯಾ!" ಎಂದು ಅಬ್ಬರಿಸುತ್ತಿದ್ದರು. ನಾನು ಹಿಂದಿನಿಂದ ಅವರ ಸೊಂಟ ತಬ್ಬಿ ಎಳೆದೆ. ಅವನು ಕಳ್ಳನಲ್ಲ ಎಂದು ಕೂಗಬೇಕಿತ್ತು. ಬಾಯಿಗೆ ಬಂದದ್ದು "ಸಾರ್" ಎಂಬ ಒಂದೇ ಮಾತು. ಒಂಬತ್ತನೇ ಕ್ಲಾಸಿನಲ್ಲಿ ಬಂದದ್ದೂ ಅಷ್ಟೇ.

ಇನ್ನೊಂದನ್ನೂ ನಾನು ನೋಡಿದೆ. ಆ ಮನುಷ್ಯ ಎಡಗೈಯಿಂದ ಮಾತ್ರ ಮುಖ ಮುಚ್ಚಿಕೊಳ್ಳುತ್ತಿದ್ದ. ಬಲಗೈಯ ಮುಷ್ಟಿಯನ್ನು ಮೇಲಕ್ಕೆತ್ತಿ ಹಿಡಿದೇ ಇದ್ದ. ಕೊನೆಗೆ ಮೇಷ್ಟ್ರು ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕರಡಿಗೆಯನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು.

ಅವನನ್ನು ಆಂಬುಲೆನ್ಸಿನಲ್ಲಿ ಒಯ್ದರು, ಜೊತೆಗೊಬ್ಬ ಪೊಲೀಸ್ ಹತ್ತಿದ. ನಮ್ಮನ್ನು ಠಾಣೆಗೆ ಕರೆದುಕೊಂಡು ಹೋದರು. ಅಲ್ಲಿ ಮೇಜಿನ ಹಿಂದೆ ಇಂಗ್ಲಿಷ್ ಬಲ್ಲ ಒಬ್ಬ ಹೆಣ್ಣುಮಗಳು ಕೂತಿದ್ದಳು, ಒಂದು ಗಟ್ಟಿ ಮಾತಿಲ್ಲ. ನಂಜಪ್ಪನೂ ಟೂರಿನ ಹುಡುಗಿಯೂ ಆಗಲೇ ಹೇಳಿಕೆ ಕೊಟ್ಟಾಗಿತ್ತು: ಆ ಮನುಷ್ಯ ಸರ ಕಿತ್ತುಕೊಂಡ, ನಮ್ಮವರು ಹಿಡಿದು ಹೊಡೆದರು. ಅವರು ಸುಳ್ಳು ಹೇಳಿರಲಿಲ್ಲ. ದೂರದಲ್ಲಿದ್ದ ಅವರಿಗೆ ಕಂಡದ್ದು ಹಾಗೆಯೇ. ಗಾಯಗೊಂಡವನಿಗೆ ಪ್ರಜ್ಞೆ ಇರಲಿಲ್ಲ. ದಾರ ಬಿಟ್ಟುಕೊಂಡಿದ್ದನ್ನು ನೋಡಿದ್ದವನು ಭೂಮಿಯ ಮೇಲೆ ನಾನೊಬ್ಬನೇ.

ನಂಜಪ್ಪ ನನ್ನನ್ನು ಪಕ್ಕಕ್ಕೆ ಎಳೆದ. ಪುಣ್ಯಕ್ಕೆ ಬಲಗಡೆಗೆ.

"ಏನಪ್ಪಾ, ಮುಖ ಯಾಕೆ ಹಿಂಗೈತೆ? ಕಿತ್ಕೊಂಡ ಅಂತ ಹೇಳಿ ಸೈನ್ ಹಾಕು, ಹೋಗೋಣ."

"ಅವ್ನು ಕಿತ್ಕೊಳ್ಳಿಲ್ಲ ಕಣಣ್ಣ. ಬೀಳೋದನ್ನ ಹಿಡ್ಕೊಂಡ."

ನಂಜಪ್ಪನ ಮುಖ ಬಿಳಿಚಿಕೊಂಡಿತು. "ಲೇ, ಅದನ್ನ ಹೇಳ್ಬಿಟ್ರೆ ಮೇಷ್ಟ್ರನ್ನ ಇಲ್ಲೇ ಒಳಗೆ ಹಾಕ್ತಾರೆ ಕಣೋ! ವಯಸ್ಸಾದೋರು. ಜೈಲಲ್ಲಿ ಸತ್ತೋದ್ರೆ? ಗುರುನ ಹಿಡ್ಕೊಟ್ಟೋನು ಅಂತ ಊರಲ್ಲಿ ನಿನ್ನ ಅಂಗಡಿ ಮುಂದೆ ಉಗೀತಾರೆ. ಅವ್ನಿಗೆ ಹೆಂಗೂ ಬಿದ್ದಾಗೈತೆ ಏಟು."

ಜೈಲಿನ ಮಾತು, ಊರಿನ ಮಾತು ನನ್ನನ್ನು ಅಷ್ಟು ಹೆದರಿಸಲಿಲ್ಲ. ಹೆದರಿಸಿದ್ದು ನನ್ನೊಳಗಿನ ಒಂದು ಖುಷಿ. ಹೌದು, ಖುಷಿಯೇ. ಮೇಷ್ಟ್ರು ಗೋಡೆಯ ಬೆಂಚಿನಲ್ಲಿ ಬೆರಳ ಗಂಟು ಒಡೆದುಕೊಂಡು ಕೂತಿದ್ದರು, ಅವರ ಗತಿ ನನ್ನ ನಾಲಿಗೆಯ ತುದಿಯಲ್ಲಿತ್ತು. ಮೂವತ್ತೈದು ವರ್ಷ ಕಾದದ್ದು ಇದಕ್ಕೇ ಏನೋ ಅನ್ನಿಸಿತು. ನಾನು ಸತ್ಯ ಹೇಳಲು ಹೊರಟಿದ್ದೇನೋ, ಕಿವಿಯ ಸೇಡು ತೀರಿಸಿಕೊಳ್ಳಲೋ? ಗೊತ್ತಾಗಲಿಲ್ಲ. ಸುಮ್ಮನಿದ್ದರೆ ಆ ಹಿಟ್ಟಿನ ಅಂಗಿಯವನು ಕಳ್ಳನಾಗಿ ಕಣ್ಣು ಬಿಡುತ್ತಾನೆ. ಹೇಳಿದರೆ ನಾನು ಏನಾಗುತ್ತೇನೆ?

ಮೊದಲು ಅವರಿಗೇ ಹೇಳುವುದು ಎಂದು ನಿಶ್ಚಯಿಸಿದೆ. ಹೋಗಿ ಎದುರಿಗೆ ನಿಂತೆ.

"ಸಾರ್, ಅವ್ನು ಕಳ್ಳ ಅಲ್ಲ. ದಾರ ತಾನಾಗೇ ಬಿಟ್ಕೊಂಡಿತು. ನೆಲಕ್ಕೆ ಬೀಳೋದನ್ನ ಅವ್ನು ಹಿಡ್ಕೊಂಡ. ನಾನು ನೋಡ್ದೆ."

ಮಾತು ಮುಗಿಯುವ ಮೊದಲೇ ಕೈ ಬಂತು. ಅದೇ ಕೈ, ಅದೇ ಕಿವಿ. ನಾನು ಗೋಡೆಗೆ ಬಡಿದುಕೊಂಡೆ. ಮೇಜಿನ ಹಿಂದಿದ್ದವಳು ಎದ್ದಳು, ಇಬ್ಬರು ಪೊಲೀಸರು ಓಡಿಬಂದು ಮೇಷ್ಟ್ರ ತೋಳು ತಿರುಚಿ ಹಿಡಿದರು. "ನನ್ನ ಲಿಂಗ ಕಿತ್ತೋನ ಪರ ಮಾತಾಡ್ತೀಯೇನೋ! ನಿಮ್ಮಪ್ಪನಿಗೆ ಹುಟ್ಟಿದ್ಯೇನೋ?" ಎಂದು ಮೇಷ್ಟ್ರು ಕೂಗುತ್ತಿದ್ದರು.

ಈ ಸಲ ನನಗೆ ಅಳು ಬರಲಿಲ್ಲ. "ಆ ಕಡೆ ಹೊಡ್ದು ಪ್ರಯೋಜನ ಇಲ್ಲ ಸಾರ್" ಎಂದೆ. "ಅದು ಕೇಳಿಸಲ್ಲ. ಒಂಬತ್ತನೇ ಕ್ಲಾಸಲ್ಲಿ ಯಾರೋ ಶಿಳ್ಳೆ ಹಾಕಿದ್ರು ಅಂತ ನೀವು ನನಗೆ ಹೊಡೆದ್ರಲ್ಲ, ಅವತ್ತಿಂದ ಕೇಳಿಸಿಲ್ಲ. ಅವತ್ತು ಶಿಳ್ಳೆ ಹಾಕಿದ್ದೂ ನಾನಲ್ಲ. ನೀವು ಕೇಳ್ಲೇ ಇಲ್ಲ. ಇವತ್ತೂ ಕೇಳ್ತಿಲ್ಲ. ಕುತ್ತಿಗೆ ಮುಟ್ಟಿ ನೋಡ್ಕೊಳ್ಳಿ ಸಾರ್. ಕಿತ್ತಿದ್ರೆ ದಾರ ಕುಯ್ದಿರ್ಬೇಕಲ್ವಾ? ಅಷ್ಟು ಏಟು ಬಿದ್ರೂ ಅವ್ನು ಆ ಮುಷ್ಟಿ ನೆಲಕ್ಕೆ ತಾಗ್ಸಲಿಲ್ಲ. ನಿಮ್ ಲಿಂಗ ಉಳ್ಸಿದ್ದು ಅವ್ನು."

ಮೇಷ್ಟ್ರು ಎಳೆದಾಡುವುದನ್ನು ನಿಲ್ಲಿಸಿದರು. ಪೊಲೀಸರು ಸ್ವಲ್ಪ ಸಡಿಲ ಬಿಟ್ಟರು. ಅವರು ನಿಧಾನವಾಗಿ ಕುತ್ತಿಗೆಯ ಸುತ್ತ ಬೆರಳಾಡಿಸಿಕೊಂಡರು. ಒಂದು ಗೀರೂ ಇರಲಿಲ್ಲ. ಎಡಗೈ ಬಿಚ್ಚಿ, ಕರಡಿಗೆಯ ದಾರದ ಎರಡು ತುದಿಗಳನ್ನು ಎದುರೆದುರು ಹಿಡಿದು ನೋಡಿದರು. ಸವೆದು ಎಳೆಯೆಳೆಯಾದ ತುದಿಗಳು. ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಿವಿಯನ್ನು ನೋಡಿದರು. ಕಣ್ಣನ್ನಲ್ಲ, ಕಿವಿಯನ್ನು.

ಮೇಷ್ಟ್ರು ಅಂಗಿ ಎಳೆದುಕೊಂಡು ಮೇಜಿನ ಮುಂದೆ ಹೋಗಿ ಹಿಮ್ಮಡಿ ಕೂಡಿಸಿ ಅಟೆನ್ಷನ್‌ನಲ್ಲಿ ನಿಂತರು. ಅವರಿಗೆ ಬರುತ್ತಿದ್ದ ಇಂಗ್ಲಿಷೆಲ್ಲ ಕವಾಯತಿನದು. "ಮೇಡಂ. ಹೀ ನೋ ಥೀಫ್. ಹೀ ಗುಡ್ ಮ್ಯಾನ್. ಆಲ್ ಮಿಸ್ಟೇಕ್ ಮೈನ್. ಅರೆಸ್ಟ್ ಮಿ" ಎಂದು ಮೈದಾನಕ್ಕೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದರು. ಆಮೇಲೆ ನನ್ನ ಕಡೆ ತಿರುಗದೆಯೇ, "ನೋಡಿದ್ದನ್ನ ನೋಡಿದಂಗೇ ಬರ್ಸೋ. ಒಂದಕ್ಷರ ಬಿಡ್ಬೇಡ" ಎಂದರು. ಬರೆಸಿದೆ. ಒಂದಕ್ಷರ ಬಿಡಲಿಲ್ಲ. ಒಳಗಿದ್ದ ಖುಷಿ ಆ ಹೊತ್ತಿಗೆ ಎಲ್ಲಿ ಹೋಯಿತೋ ಗೊತ್ತಿಲ್ಲ.

ಎರಡು ದಿನ ಒಳಗಿಟ್ಟುಕೊಂಡರು. ಕಂಪನಿಯವರು ವಕೀಲರನ್ನು ಹಿಡಿದರು, ದಂಡ ಹಾಕಿ ಬಿಟ್ಟರು. ಹೊರಗೆ ಬಂದವರು ನನ್ನ ಹೊಸ ದಾರ ಕೇಳಿ ಪಡೆದು ಕರಡಿಗೆಗೆ ಕಟ್ಟಿಕೊಂಡರು, ಆಮೇಲೆ ಹಠ ಹಿಡಿದು ನಮ್ಮನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಬೇಕರಿಯಲ್ಲಿ ಬ್ರೆಡ್ಡು ಸುಡುವ ಕೆಲಸದವನಂತೆ ಅವನು. ದವಡೆಗೆ ತಂತಿ ಕಟ್ಟಿದ್ದರು, ಒಂದು ಕಣ್ಣು ಊದಿ ಮುಚ್ಚಿತ್ತು. ಮೇಷ್ಟ್ರಿಗೆ ಕ್ಷಮೆ ಕೇಳುವ ಮಾತು ಯಾವ ಭಾಷೆಯಲ್ಲೂ ಬರುತ್ತಿರಲಿಲ್ಲ. ಮಂಚದ ಪಕ್ಕಕ್ಕೆ ನುಗ್ಗಿ, ಅವನ ಕೈ ಹಿಡಿದೆತ್ತಿ, ತಮ್ಮ ಕೆನ್ನೆಗೆ ಪಟಪಟನೆ ಹೊಡೆದುಕೊಳ್ಳತೊಡಗಿದರು. "ಹೊಡಿಯಪ್ಪಾ! ನೀನೂ ಹೊಡಿ! ಹೊಡ್ದು ಮುಗಿಸ್ಬಿಡು!"

ಅವನಿಗೆ ಏನು ಅರ್ಥವಾಗಬೇಕು? ತಂತಿ ಕಟ್ಟಿದ ಬಾಯಿಂದ ಒಂದು ವಿಕಾರ ಕೂಗು ಹೊರಟಿತು. ಕೈ ಕೊಸರಿಕೊಂಡು ಎರಡೂ ತೋಳುಗಳನ್ನು ಮುಖಕ್ಕೆ ಅಡ್ಡ ಹಿಡಿದು ಗೋಡೆಯ ಕಡೆ ಮುದುಡಿದ. ಒಬ್ಬ ಐವತ್ತರ ಗಂಡಸು. ಸಾವಿರ ಮಕ್ಕಳು ಮೇಷ್ಟ್ರ ಮುಂದೆ ಹಾಗೆ ಮುದುಡಿದ್ದೇವೆ, ಅವರು ನೋಡಿರಲಿಲ್ಲ. ಅವತ್ತು ನೋಡಿದರು. ಎತ್ತಿದ ಕೈ ಎತ್ತಿದಂತೆಯೇ ಇತ್ತು. ನರ್ಸ್ ಬಂದು ತಳ್ಳಿಕೊಂಡು ಹೊರಗೆ ಹಾಕುವವರೆಗೂ ಅಲ್ಲೇ ನಿಂತಿದ್ದರು.

ಇಷ್ಟಾದ ಮೇಲೆ ಮೇಷ್ಟ್ರು ಸಾಧುವಾದರು ಎಂದು ಬರೆದರೆ ಸುಳ್ಳಾಗುತ್ತದೆ. ಊರಿಗೆ ಬಂದ ತಿಂಗಳಲ್ಲೇ ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ, ಒಬ್ಬ ಹೆಂಗಸಿನ ಸೀಟಿನ ಮೇಲೆ ಕಾಲಿಟ್ಟು ಕೂತಿದ್ದವನಿಗೆ ಎರಡು ಬಿಗಿದರು. ಆದರೆ ಬಿಗಿಯುವ ಮೊದಲು, "ಏನಪ್ಪಾ, ಕಾಲು ನೋಯ್ತದಾ? ಏನಾದ್ರೂ ಕಾಯ್ಲೆನಾ?" ಎಂದು ಕೇಳಿದರಂತೆ. ಇಲ್ಲ ಎಂದ ಮೇಲೆ ಹೊಡೆದರಂತೆ. ಅವರ ಮಟ್ಟಿಗೆ ಅದು ದೊಡ್ಡ ಬದಲಾವಣೆಯೇ.

ನನ್ನ ಅಂಗಡಿಗೆ ಬರತೊಡಗಿದರು. ಹದಿನೈದು ದಿನಕ್ಕೊಮ್ಮೆ ಅಜ್ಜಂಪುರದ ಬಸ್ಸಿಳಿದು ನೇರ ಬರುತ್ತಿದ್ದರು. ನನ್ನ ಎಡಗಡೆ ಗಿರಾಕಿಗಳಿಗೆಂದು ಹಾಕಿದ ಒಳ್ಳೆಯ ಕುರ್ಚಿಗಳಿದ್ದವು. ಅವರು ಅಲ್ಲಿ ಕೂರುತ್ತಿರಲಿಲ್ಲ. ಪೈಪುಗಳ ರಾಶಿಯ ನಡುವೆ ಮೈ ತೂರಿಸಿಕೊಂಡು ಬಲಗಡೆಗೆ ಬಂದು, ಬಣ್ಣದ ಡಬ್ಬದ ಮೇಲೆ ಕೂತು, ಅಲ್ಲಿಂದಲೇ ಮಾತಾಡುತ್ತಿದ್ದರು. ಕಿವಿಯ ವಿಷಯ ಒಂದು ದಿನವೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಆ ಬೇಕರಿಯವನಿಗೆ ಕೊರಿಯರಿನಲ್ಲಿ ಎರಡು ಸಲ ಕೊಬ್ಬರಿ ಮಿಠಾಯಿ ಕಳಿಸಿದರು. ಉತ್ತರ ಬರಲಿಲ್ಲ. "ದವಡೆ ಸರಿಹೋಗಿದ್ರೆ ತಿಂದಿರ್ತಾನೆ" ಎನ್ನುತ್ತಿದ್ದರು.

ಹೋದ ತಿಂಗಳು ಮೇಷ್ಟ್ರ ಮಗ ಫೋನು ಮಾಡಿದ. ಕಿಡ್ನಿ ಎರಡೂ ಹೋಗಿವೆ, ನಿಮ್ಮನ್ನು ಕೇಳುತ್ತಿದ್ದಾರೆ ಎಂದ. ಹೋದೆ. ಅರ್ಧಕ್ಕರ್ಧ ಇಳಿದುಹೋಗಿದ್ದರು. ಎದೆಯ ಮೇಲೆ ಕರಡಿಗೆ, ಅದಕ್ಕೆ ವಿಯೆನ್ನಾದಲ್ಲಿ ನಾನು ಕೊಟ್ಟ ದಾರ. ಎಲ್ಲರನ್ನೂ ಹೊರಗೆ ಕಳಿಸಿ, ಹತ್ತಿರ ಬಾ ಎಂದು ಸನ್ನೆ ಮಾಡಿದರು. ಮಾತು ಬಹಳ ಮೆಲ್ಲಗಾಗಿತ್ತು. ನಾನು ಅಭ್ಯಾಸದಂತೆ ಬಲಗಿವಿ ಕೊಟ್ಟು ಬಗ್ಗಿದೆ.

ಮೇಷ್ಟ್ರು ಬಲಗೈ ಎತ್ತಿದರು. ನಾನು ಕಣ್ಣು ಮುಚ್ಚಿದೆ. ಐವತ್ಮೂರು ವರ್ಷದ, ಮೊಮ್ಮಗುವಿರುವ ನಾನು, ಸಾಯುತ್ತಿರುವ ಮನುಷ್ಯನ ಕೈಗೆ ಹೆದರಿ ಕಣ್ಣು ಮುಚ್ಚಿದೆ. ಕೈ ದವಡೆಗೆ ತಾಗಿತು. ಹೊಡೆಯಲಿಲ್ಲ. ದವಡೆ ಹಿಡಿದು ನನ್ನ ಮುಖವನ್ನು ಬಲವಂತವಾಗಿ ಆ ಕಡೆಗೆ ತಿರುಗಿಸಿ, ಎಡಗಿವಿಯನ್ನು ತಮ್ಮ ಬಾಯಿಗೆ ಎಳೆದುಕೊಂಡರು.

"ಸಾರ್, ಆ ಕಿವಿ..." ಎಂದೆ.

"ಗೊತ್ತು, ಸುಮ್ನಿರೋ" ಎಂದದ್ದು ಆಚೆಯಿಂದ ಅಸ್ಪಷ್ಟವಾಗಿ ಕೇಳಿಸಿತು.

ಆಮೇಲೆ ಅವರು ಮಾತಾಡಿದರು. ಬಹಳ ಹೊತ್ತು ಮಾತಾಡಿದರು. ನನಗೆ ಒಂದಕ್ಷರವೂ ಕೇಳಿಸಲಿಲ್ಲ. ಬಿಸಿಯುಸಿರು ತಾಗುತ್ತಿತ್ತು, ತುಟಿ ಕಿವಿಯ ಅಂಚಿಗೆ ಮುಟ್ಟಿ ಮುಟ್ಟಿ ಅಲುಗುತ್ತಿತ್ತು, ನಡುವೆ ಒಂದೆರಡು ಸಲ ನಿಂತು ಮತ್ತೆ ಶುರುವಾಗುತ್ತಿತ್ತು. ಕಿವಿ ಒದ್ದೆಯಾಯಿತು. ಮುಗಿದ ಮೇಲೆ ನನ್ನ ಮುಖವನ್ನು ಮೆಲ್ಲಗೆ ದೂರ ತಳ್ಳಿ, "ಡಿಸ್‌ಪರ್ಸ್" ಎಂದರು.

ಹೊರಗೆ ಬಂದಾಗ ಮಗ ಬಾಗಿಲಲ್ಲೇ ಕಾಯುತ್ತಿದ್ದ. "ಏನಂದ್ರಣ್ಣಾ ಅಪ್ಪ? ಅಷ್ಟೊತ್ತು ಏನ್ ಹೇಳಿದ್ರು?"

"ಒಂಬತ್ತನೇ ಕ್ಲಾಸಿಂದು ಒಂದು ವಿಚಾರಣೆ ಬಾಕಿ ಇತ್ತು ಕಣಪ್ಪಾ" ಎಂದೆ. "ಮುಗೀತು."